ಮಷೀನ್ ಯಾವುದಕ್ಕೆ ಕಾಯ್ತಿದೆ? ಪಿಎಲ್‌ಸಿಯಲ್ಲಿ ಸ್ಟೇಟ್ ಮಷೀನ್ ಬರೆಯುವ ಬಗೆ

ಕೆಲವು ವರ್ಷದ ಹಿಂದಿನ ಮಾತು. ಜುಲೈ ತಿಂಗಳು, ರಾತ್ರಿ ಎರಡು ಗಂಟೆ ದಾಟಿತ್ತು. ಪುಣೆ ಹತ್ತಿರದ ಭೋಸರಿಯ ಒಂದು ಕಾರ್ಖಾನೆಯಿಂದ ಫೋನ್ ಬಂತು. ಗೇರ್ ತೊಳೆಯುವ ಮಷೀನ್ ನಿಂತುಬಿಟ್ಟಿದೆಯಂತೆ. ಮಾತಾಡಿದ ಆಪರೇಟರ್ ಇಂಡಿ ತಾಲ್ಲೂಕಿನ ಹುಡುಗ. "ಸಾಹೇಬ್ರ, ಸುಮ್ನ ನಿಂತೈತ್ರಿ. ಏನ್ ಬೇಕಂತ ಹೇಳವಲ್ದು" ಅಂದ.

ನಿಗಡಿಯಿಂದ ಮಳೆಯಲ್ಲೇ ಬೈಕ್ ಹತ್ತಿ ಹೋದೆ. ಪಿಎಲ್‌ಸಿಗೆ ಲ್ಯಾಪ್‌ಟಾಪ್ ಜೋಡಿಸಿ ಕೂತೆ. ಪಿಎಲ್‌ಸಿ ಅಂದರೆ ಯಂತ್ರವನ್ನು ನಡೆಸುವ ಕೈಗಾರಿಕಾ ಕಂಪ್ಯೂಟರ್. ಪ್ರೋಗ್ರಾಮ್ ನಾನೇ ಬರೆದದ್ದು. ಅರವತ್ತಕ್ಕೂ ಜಾಸ್ತಿ ಮೆಮೊರಿ ಬಿಟ್‌ಗಳು, ಒಂದನ್ನು ಇಲ್ಲಿ ಸೆಟ್ ಮಾಡಿ ಇನ್ನೆಲ್ಲೋ ರೀಸೆಟ್ ಮಾಡಿದ ಲ್ಯಾಡರ್ (ಏಣಿಯ ಹಾಗೆ ಸಾಲು ಸಾಲಾಗಿ ಚಿತ್ರದಲ್ಲಿ ಬರೆಯುವ ಪಿಎಲ್‌ಸಿ ಭಾಷೆ). ಯಾವ ಬಿಟ್ ಯಾವುದನ್ನು ತಡೆದಿದೆ ಅಂತ ಹುಡುಕೋದಕ್ಕೆ ನಲವತ್ತು ನಿಮಿಷ ಹಿಡಿಯಿತು. ಕೊನೆಗೆ ಸಿಕ್ಕ ಕಾರಣ ಇಷ್ಟೇ: ಬಾಗಿಲಿನ ಸಿಲಿಂಡರ್ ಮೇಲಿನ ರೀಡ್ ಸ್ವಿಚ್, ಅಂದರೆ ಬಾಗಿಲು ಮುಚ್ಚಿದ್ದನ್ನು ತಿಳಿಸುವ ಸೆನ್ಸರ್, ನಾಲ್ಕೈದು ಮಿಲಿಮೀಟರ್ ಜರುಗಿತ್ತು. ಬಾಗಿಲು ಮುಚ್ಚಿತ್ತು, ಆದರೆ ಮುಚ್ಚಿದೆ ಅನ್ನೋ ಸುದ್ದಿ ಪಿಎಲ್‌ಸಿಗೆ ಬಂದಿರಲಿಲ್ಲ. ಸ್ಕ್ರೂಡ್ರೈವರ್ ಹಿಡಿದು ಸರಿ ಮಾಡೋದಕ್ಕೆ ಅರ್ಧ ನಿಮಿಷ ಸಾಕಾಯ್ತು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಆ ಹುಡುಗನ ಮಾತೇ ತಲೆಯಲ್ಲಿತ್ತು. ಏನು ಬೇಕು ಅಂತ ಮಷೀನ್ ಹೇಳಬೇಕಿತ್ತು. ಹೇಳುವ ಹಾಗೆ ನಾನು ಬರೆದಿರಲಿಲ್ಲ.

ಅಂದಿನಿಂದ ನಾನು ಬರೆಯೋದೆಲ್ಲ ಸ್ಟೇಟ್ ಮಷೀನ್ ರೂಪದಲ್ಲಿ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಡಿಪ್ಲೊಮಾ ಮುಗಿಸಿ ಪುಣೆಗೆ ಬಂದ ಹುಡುಗ ಹುಡುಗಿಯರು ಕೆಲವರು ಭಾನುವಾರ ನಮ್ಮ ಮನೆಗೆ ಬರ್ತಾರೆ. ಅವರಿಗೆ ಹೇಳಿಕೊಡೋದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಅದೇ ತೊಳೆಯುವ ಮಷೀನನ್ನು ಇಟ್ಟುಕೊಳ್ಳೋಣ.

ಸ್ಟೇಟ್ ಮಷೀನ್ ಅಂದರೆ ಏನು ಅಂತ ಎರಡು ಮಾತು. ಯಂತ್ರ ಯಾವ ಕ್ಷಣದಲ್ಲೂ ಒಂದೇ ಒಂದು ಸ್ಥಿತಿಯಲ್ಲಿ ಇರಬೇಕು. ಪ್ರತಿ ಸ್ಥಿತಿಯಲ್ಲಿ ಏನು ಓಡಬೇಕು, ಏನಾದರೆ ಮುಂದಿನ ಸ್ಥಿತಿಗೆ ದಾಟಬೇಕು, ಇವೆರಡೂ ಮೊದಲೇ ತೀರ್ಮಾನ ಆಗಿರಬೇಕು. ಇಷ್ಟೇ. ಲೆಕ್ಕದ ಪ್ರಕಾರ ಇದರಲ್ಲಿ ಎರಡು ಜಾತಿ. 1955ರಲ್ಲಿ ಜಾರ್ಜ್ ಮೀಲಿ ಹೇಳಿದ ಬಗೆಯಲ್ಲಿ ಔಟ್‌ಪುಟ್ ಸ್ಥಿತಿಯನ್ನೂ ಇನ್‌ಪುಟ್ಟನ್ನೂ ನೋಡಿ ತೀರ್ಮಾನ ಆಗುತ್ತದೆ. 1956ರಲ್ಲಿ ಎಡ್ವರ್ಡ್ ಮೂರ್ ಹೇಳಿದ ಬಗೆಯಲ್ಲಿ ಸ್ಥಿತಿಯನ್ನು ಮಾತ್ರ ನೋಡುತ್ತದೆ. ಕಾರ್ಖಾನೆಯ ಯಂತ್ರಕ್ಕೆ ಮೂರ್ ಬಗೆಯೇ ಒಳ್ಳೆಯದು ಅಂತ ನನ್ನ ಅನುಭವ. ಸ್ಥಿತಿಯ ನಂಬರ್ ಒಂದು ಗೊತ್ತಾದರೆ ಯಾವ ಪಂಪ್, ಯಾವ ವಾಲ್ವ್ ಆನ್ ಇರಬೇಕು ಅಂತ ಕಣ್ಣು ಮುಚ್ಚಿ ಹೇಳಬಹುದು.

ಹೆಜ್ಜೆ 1: ಲ್ಯಾಪ್‌ಟಾಪ್ ಮುಚ್ಚಿಡಿ, ಮಷೀನ್ ಮುಂದೆ ನಿಲ್ಲಿ

ಒಂದು ಹಾಳೆ, ಒಂದು ಪೆನ್ನು ಸಾಕು. ಯಂತ್ರ ನಡೆಸುವವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಮೊದಲಿನಿಂದ ಕೊನೆಯವರೆಗೆ ಏನೇನು ಆಗುತ್ತದೆ ಅಂತ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ಡ್ರಾಯಿಂಗ್‌ನಲ್ಲಿ ಇಲ್ಲದ ವಿಷಯಗಳು ಇಲ್ಲೇ ಸಿಗುತ್ತವೆ.

ನನ್ನ ಕೈಗೆ ಕೊಟ್ಟ ಕಾಗದದಲ್ಲಿ ಇದ್ದದ್ದು ಬಾಗಿಲು ಮುಚ್ಚು, ತೊಳೆ, ಒಣಗಿಸು, ಬಾಗಿಲು ತೆರೆ, ಇಷ್ಟೇ. ಆದರೆ ಆ ಇಂಡಿ ಹುಡುಗ ಹೇಳಿದ: "ತೊಳದ ಮ್ಯಾಲ ಇಪ್ಪತ್ತ ಸೆಕೆಂಡ್ ನೀರು ಇಳಿಯಾಕ ಬಿಡ್ಬೇಕ್ರಿ. ಇಲ್ಲಾಂದ್ರ ತೂತಿನ್ಯಾಗ ನೀರು ನಿಲ್ತೈತಿ." ಆ ಒಂದು ಮಾತಿನಿಂದ ಒಂದು ಸ್ಥಿತಿ ಹುಟ್ಟಿತು. ಇನ್ನೊಂದು ಸಂಗತಿಯೂ ಅವನಿಂದಲೇ ತಿಳಿಯಿತು. ಕೆಲಸದ ಗಡಿಬಿಡಿಯಲ್ಲಿ ತೊಳೆದ ಗೇರ್‌ಗಳ ಬುಟ್ಟಿಯನ್ನು ಹೊರಗೆ ತೆಗೆಯದೆ ಮತ್ತೆ ಸ್ಟಾರ್ಟ್ ಒತ್ತಿಬಿಡುತ್ತಾರೆ. ಹಾಗಾಗಿ ಬುಟ್ಟಿ ತೆಗೆಯುವವರೆಗೆ ಕಾಯುವ ಸ್ಥಿತಿಯೊಂದು ಬೇಕಾಯಿತು.

ಕೊನೆಗೆ ಪಟ್ಟಿ ಹೀಗಾಯಿತು:

0 – ಆರಂಭದ ತಪಾಸಣೆ
10 – ತಯಾರಾಗಿದೆ, ಬುಟ್ಟಿಗೂ ಸ್ಟಾರ್ಟ್‌ಗೂ ಕಾಯುತ್ತಿದೆ
20 – ಬಾಗಿಲು ಮುಚ್ಚುತ್ತಿದೆ
25 – ಪಂಪ್ ಆನ್, ಒತ್ತಡ ಬರಲು ಕಾಯುತ್ತಿದೆ
30 – ತೊಳೆಯುತ್ತಿದೆ
40 – ನೀರು ಇಳಿಯುತ್ತಿದೆ
50 – ಬಿಸಿಗಾಳಿಯಲ್ಲಿ ಒಣಗುತ್ತಿದೆ
60 – ಬಾಗಿಲು ತೆರೆಯುತ್ತಿದೆ
70 – ಬುಟ್ಟಿ ತೆಗೆಯಲು ಕಾಯುತ್ತಿದೆ
900 – ದೋಷ

ನಂಬರ್ ಹತ್ತರ ಅಂತರದಲ್ಲಿ ಕೊಡಿ. 25 ನೋಡಿ, ಅದು ಆಮೇಲೆ ಸೇರಿದ್ದು. ಜಾಗ ಬಿಟ್ಟಿದ್ದರಿಂದ ಬೇರೆ ನಂಬರ್‌ಗಳನ್ನು ಕದಲಿಸಬೇಕಾಗಲಿಲ್ಲ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ನಂಬರ್ ಬದಲು ಹೆಸರು ಕೊಡುವ ಸೌಲಭ್ಯ ಇದ್ದರೆ ಖಂಡಿತ ಹೆಸರನ್ನೇ ಬಳಸಿ. ಸ್ಕ್ರೀನ್‌ಗೆ ಕಳಿಸೋದಕ್ಕೆ ಮಾತ್ರ ನಂಬರ್ ಇರಲಿ.

ಹೆಜ್ಜೆ 2: ಪ್ರತಿ ಸ್ಥಿತಿಗೆ ಐದು ಪ್ರಶ್ನೆ

ಇಡೀ ಕೆಲಸದ ಜೀವ ಇರೋದು ಇಲ್ಲಿ. ಪ್ರತಿ ಸ್ಥಿತಿಗೆ ಹಾಳೆಯಲ್ಲಿ ಒಂದು ಸಾಲು ಬಿಡಿ. ಆ ಸಾಲಿನಲ್ಲಿ ಐದು ಉತ್ತರ ಬರೆಯಿರಿ. ಏನು ಓಡುತ್ತಿದೆ? ಯಾವುದಕ್ಕೆ ಕಾಯುತ್ತಿದೆ? ಅದು ಬಂದರೆ ಎಲ್ಲಿಗೆ ಹೋಗಬೇಕು? ಎಷ್ಟು ಹೊತ್ತು ಕಾಯಬೇಕು? ಬರದೇ ಹೋದರೆ ಎಲ್ಲಿಗೆ ಹೋಗಬೇಕು, ಏನಂತ ಹೇಳಬೇಕು?

20ನೇ ಸ್ಥಿತಿಯ ಸಾಲು ಹೀಗೆ: ಬಾಗಿಲು ಮುಚ್ಚುವ ವಾಲ್ವ್ ಆನ್. ಮುಚ್ಚಿದ ಸೆನ್ಸರ್‌ಗೆ ಕಾಯುತ್ತಿದೆ. ಬಂದರೆ 25ಕ್ಕೆ. 8 ಸೆಕೆಂಡ್ ಕಾಯಬೇಕು. ಬರದಿದ್ದರೆ 900ಕ್ಕೆ, "ಬಾಗಿಲು ಮುಚ್ಚಿದ ಸೆನ್ಸರ್ ಬರಲಿಲ್ಲ" ಅನ್ನುವ ಸಂದೇಶದೊಂದಿಗೆ.

ಎಂಟು ಸೆಕೆಂಡ್ ಎಲ್ಲಿಂದ ಬಂತು? ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು ಬಾಗಿಲನ್ನು ಹತ್ತು ಸಲ ಮುಚ್ಚಿಸಿ ನೋಡಿದೆ. ನಾಲ್ಕು ಸೆಕೆಂಡ್ ಹತ್ತಿರ ಬಂತು. ಅದರ ಎರಡರಷ್ಟು ಇಟ್ಟೆ. ಊಹೆಯಿಂದ ಒಂದು ನಿಮಿಷ ಇಟ್ಟರೆ ಆಪರೇಟರ್ ಒಂದು ನಿಮಿಷ ಸುಮ್ನೆ ನಿಲ್ಲಬೇಕು. ತೀರಾ ಬಿಗಿ ಇಟ್ಟರೆ ಗಾಳಿಯ ಒತ್ತಡ ಕೊಂಚ ಇಳಿದ ದಿನವೆಲ್ಲ ಸುಳ್ಳು ದೋಷ ಬರುತ್ತಿರುತ್ತದೆ. ಅಳತೆ ಮಾಡಿಯೇ ಇಡಿ.

ಮನುಷ್ಯರಿಗೆ ಕಾಯುವ ಸ್ಥಿತಿಗಳಿಗೆ, ಅಂದರೆ 10 ಮತ್ತು 70ಕ್ಕೆ, ಸಮಯದ ಮಿತಿ ಬೇಡ. ಚಹಾಕ್ಕೆ ಹೋಗಿರಬಹುದು, ಅದು ದೋಷ ಅಲ್ಲ. ಆದರೆ ಯಂತ್ರ ತನ್ನ ಯಾವುದೋ ಭಾಗಕ್ಕೆ ಕಾಯುತ್ತಿದ್ದರೆ ಮಿತಿ ಇಲ್ಲದೆ ಬಿಡಲೇಬೇಡಿ. ನನ್ನ ಹಳೆಯ ಪ್ರೋಗ್ರಾಮ್‌ನಲ್ಲಿ ತಪ್ಪಿದ್ದೇ ಇದು.

ಈ ಹಾಳೆಯನ್ನು ಆಪರೇಟರ್‌ಗೂ ಮೇಂಟೆನೆನ್ಸ್‌ನವರಿಗೂ ಓದಿ ಹೇಳಿ. ಅವರು ತಲೆಯಾಡಿಸುವ ತನಕ ಒಂದು ಸಾಲು ಕೋಡ್ ಬರೆಯಬೇಡಿ.

ಹೆಜ್ಜೆ 3: ಸ್ಕ್ಯಾನ್ ಅರ್ಥ ಮಾಡಿಕೊಂಡು ಅಸ್ಥಿಪಂಜರ ಬರೆಯಿರಿ

ಪಿಎಲ್‌ಸಿ ಕೆಲಸ ಮಾಡುವ ರೀತಿ ಗೊತ್ತಲ್ವಾ? ಇನ್‌ಪುಟ್ ಎಲ್ಲ ಓದುತ್ತದೆ, ಪ್ರೋಗ್ರಾಮನ್ನು ಮೇಲಿನಿಂದ ಕೆಳಗೆ ಒಂದು ಸಲ ಓಡಿಸುತ್ತದೆ, ಔಟ್‌ಪುಟ್ ಬರೆಯುತ್ತದೆ, ಮತ್ತೆ ಮೊದಲಿನಿಂದ. ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಈ ಸುತ್ತಿಗೇ ಸ್ಕ್ಯಾನ್ ಅನ್ನೋದು. ಕಂಪ್ಯೂಟರ್ ಭಾಷೆ ಕಲಿತು ಬಂದವರು ಇಲ್ಲೇ ಎಡವುತ್ತಾರೆ. "ಬಾಗಿಲು ಮುಚ್ಚುವವರೆಗೆ ಇಲ್ಲೇ ಸುತ್ತು" ಅಂತ ಲೂಪ್ ಬರೆಯುತ್ತಾರೆ. ಸ್ಕ್ಯಾನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಸುತ್ತು ತಡವಾಗುವುದನ್ನು ಕಾಯುವ ವಾಚ್‌ಡಾಗ್ ಪಿಎಲ್‌ಸಿಯನ್ನೇ ನಿಲ್ಲಿಸುತ್ತದೆ. ಇಲ್ಲಿ ಕಾಯೋದು ಅಂದರೆ ಪ್ರತಿ ಸುತ್ತಿನಲ್ಲೂ ಬಂದು ಇಣುಕಿ ನೋಡಿ ಹೋಗೋದು. ಎಲ್ಲಿ ಇಣುಕಬೇಕು ಅಂತ ನೆನಪಿಡುವ ಚೀಟಿಯೇ ಸ್ಥಿತಿಯ ನಂಬರ್.

ಸ್ಟ್ರಕ್ಚರ್ಡ್ ಟೆಕ್ಸ್ಟ್ (ಅಕ್ಷರದಲ್ಲಿ ಬರೆಯುವ ಪಿಎಲ್‌ಸಿ ಭಾಷೆ) ಗೊತ್ತಿದ್ದರೆ ಅದರಲ್ಲೇ ಬರೆಯಿರಿ. 1993ರಲ್ಲಿ ಬಂದ ಐಇಸಿ 61131-3 ಅನ್ನುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇರುವ ಭಾಷೆ ಅದು, ಬಹುತೇಕ ಎಲ್ಲ ಕಂಪನಿಯ ಪಿಎಲ್‌ಸಿಯಲ್ಲೂ ಸಿಗುತ್ತದೆ. ನಂಬರ್ ನೋಡಿ ಅದಕ್ಕೆ ತಕ್ಕ ಭಾಗವನ್ನು ಮಾತ್ರ ಓಡಿಸುವ ಅದರ ಕೇಸ್ ವಾಕ್ಯ ಸ್ಟೇಟ್ ಮಷೀನ್‌ಗೆ ಹೇಳಿ ಮಾಡಿಸಿದ ಹಾಗಿದೆ. ಅದೇ ಮಾನದಂಡದಲ್ಲಿ ಸೀಕ್ವೆನ್ಶಿಯಲ್ ಫಂಕ್ಷನ್ ಚಾರ್ಟ್ ಅಂತ ಚಿತ್ರದ ಭಾಷೆಯೂ ಇದೆ. 1977ರಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿದ ಗ್ರಾಫ್‌ಸೆಟ್ ಅದರ ತಾಯಿ. ನೋಡಲು ಚೆಂದ. ಆದರೆ ದೋಷ ಬಂದಾಗ ಎಲ್ಲಿಂದಾದರೂ ಜಿಗಿದು ಹೊರಬರೋದು ಅದರಲ್ಲಿ ತುಸು ಕಷ್ಟ. ಹಾಗಾಗಿ ನಾನು ಕೇಸ್ ಕಡೆಗೇ ವಾಲಿದ್ದೇನೆ. ಲ್ಯಾಡರ್ ಮಾತ್ರ ಬರುವ ಮೇಂಟೆನೆನ್ಸ್ ತಂಡ ಇದ್ದರೆ ಲ್ಯಾಡರ್‌ನಲ್ಲೇ ಬರೆಯಿರಿ. ಒಂದು ನಂಬರ್ ರಿಜಿಸ್ಟರ್, ಪ್ರತಿ ಸ್ಥಿತಿಗೆ ಒಂದು ಹೋಲಿಕೆ, ಹೊಸ ನಂಬರ್ ಹಾಕುವ ಒಂದು ಮೂವ್. ತತ್ವ ಅದೇ.

ಪ್ರೋಗ್ರಾಮ್‌ನ ಒಳಗಿನ ಅನುಕ್ರಮ ಮಾತ್ರ ತಪ್ಪಿಸಬೇಡಿ. ಮೊದಲು ಸ್ಥಿತಿಯ ಟೈಮರ್. ಆಮೇಲೆ ಕೇಸ್, ಅದರಲ್ಲಿ ದಾಟುವ ಶರತ್ತುಗಳು ಮಾತ್ರ. ಆಮೇಲೆ ಎಲ್ಲ ಸ್ಥಿತಿಗೂ ಸೇರಿದ ದೋಷಗಳು: ನೀರು ಕಡಿಮೆ, ಮೋಟರ್ ಓವರ್‌ಲೋಡ್, ಎಮರ್ಜೆನ್ಸಿ ಸ್ಟಾಪ್. ಕೊನೆಯಲ್ಲಿ ಔಟ್‌ಪುಟ್‌ಗಳು.

20ನೇ ಸ್ಥಿತಿಯ ಕೋಡನ್ನು ಕನ್ನಡದಲ್ಲೇ ಬರೆದರೆ ಹೀಗೆ:

ಸ್ಥಿತಿ 20 ಆಗಿದ್ದಾಗ:
  ಮುಚ್ಚಿದ_ಸೆನ್ಸರ್ ಬಂದಿದ್ದು, ತೆರೆದ_ಸೆನ್ಸರ್ ಹೋಗಿದ್ದರೆ: ಸ್ಥಿತಿ := 25
  ಇಲ್ಲದೆ ಸ್ಥಿತಿಯ_ಸಮಯ 8 ಸೆಕೆಂಡ್ ದಾಟಿದ್ದರೆ: ದೋಷ := 201, ಸ್ಥಿತಿ := 900

ತೆರೆದ ಸೆನ್ಸರ್ ಹೋಗಿದೆಯಾ ಅಂತಲೂ ನೋಡಿದ್ದು ಗಮನಿಸಿ. ಎರಡೂ ಸೆನ್ಸರ್ ಒಟ್ಟಿಗೆ ಆನ್ ಇದ್ದರೆ ಬಾಗಿಲು ಎಲ್ಲಿದೆ ಅಂತ ನಮಗೆ ಗೊತ್ತಿಲ್ಲ ಅಂತ ಅರ್ಥ. ಗೊತ್ತಿಲ್ಲದೆ ಬಿಸಿನೀರಿನ ಪಂಪ್ ಹಾಕಬಾರದು.

ಕೇಸ್‌ನ ಕೊನೆಯಲ್ಲಿ "ಇದ್ಯಾವುದೂ ಅಲ್ಲದಿದ್ದರೆ" ಅನ್ನುವ ಭಾಗ ಖಾಲಿ ಬಿಡಬೇಡಿ. ಯಾರೋ ತಪ್ಪಿ 35 ಅಂತ ಬರೆದರೆ ಯಂತ್ರ ಎಲ್ಲೂ ಇಲ್ಲದ ಸ್ಥಿತಿಯಲ್ಲಿ ಸಿಕ್ಕಿಬೀಳುತ್ತದೆ. ಅಲ್ಲಿ ದೋಷ 999 ಹಾಕಿ 900ಕ್ಕೆ ಕಳಿಸಿ.

10ರಿಂದ 20ಕ್ಕೆ ದಾಟುವಾಗ ಸ್ಟಾರ್ಟ್ ಬಟನ್ ಒತ್ತಿದ ಕ್ಷಣವನ್ನು ಹಿಡಿಯಿರಿ, ಒತ್ತಿಕೊಂಡೇ ಇರೋದನ್ನಲ್ಲ. ಬಟನ್‌ಗೆ ಟೇಪ್ ಸುತ್ತಿಬಿಟ್ಟ ಮಷೀನ್‌ಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಬುಟ್ಟಿ ಇಟ್ಟ ಕೂಡಲೇ ಬಾಗಿಲು ಕೈ ಮೇಲೆ ಬರುತ್ತದೆ.

ಹೆಜ್ಜೆ 4: ಟೈಮರ್ ಎಂಬ ಹಳ್ಳ

ಕೇಸ್ ಬರೆಯುವವರು ಹೆಚ್ಚಾಗಿ ಬೀಳುವ ಹಳ್ಳ ಇದು. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

30ನೇ ಸ್ಥಿತಿಯಲ್ಲಿ 180 ಸೆಕೆಂಡ್ ತೊಳೆಯಬೇಕು. ಸಹಜವಾಗಿ ನೀವು ಏನು ಮಾಡುತ್ತೀರಿ? ಕೇಸ್‌ನ 30ರ ಒಳಗೇ ಒಂದು ಆನ್-ಡಿಲೇ ಟೈಮರ್ (ಇನ್‌ಪುಟ್ ಆನ್ ಆಗಿ ಇಟ್ಟ ಸಮಯ ಕಳೆದ ಮೇಲೆ "ಆಯ್ತು" ಅನ್ನುವ ಟೈಮರ್) ಕರೆಯುತ್ತೀರಿ. ಮೊದಲ ಬುಟ್ಟಿ ಸರಿಯಾಗಿ 180 ಸೆಕೆಂಡ್ ತೊಳೆಯುತ್ತದೆ. ಟೈಮರ್ ಮುಗಿಯುತ್ತದೆ, ಸ್ಥಿತಿ 40 ಆಗುತ್ತದೆ. ಈಗ 30ರ ಒಳಗಿನ ಕೋಡ್ ಓಡುತ್ತಿಲ್ಲ. ಹಾಗಾಗಿ ಆ ಟೈಮರ್‌ಗೆ "ನಿಲ್ಲು" ಅಂತ ಹೇಳುವವರೂ ಇಲ್ಲ. ಅದರ ಮಟ್ಟಿಗೆ ಇನ್‌ಪುಟ್ ಇನ್ನೂ ಆನ್ ಇದೆ, ಸಮಯ ಮುಗಿದಿದೆ. ಎರಡನೇ ಬುಟ್ಟಿ 30ಕ್ಕೆ ಬಂದ ತಕ್ಷಣ ಟೈಮರ್ "ಆಯ್ತು" ಅನ್ನುತ್ತದೆ. ಬುಟ್ಟಿ ತೊಳೆಯದೆಯೇ ಮುಂದೆ ಹೋಗುತ್ತದೆ. ಪಂಪ್ ಶಬ್ದ ಬಂದಿರುತ್ತದೆ, ಬಾಗಿಲು ಮುಚ್ಚಿ ತೆರೆದಿರುತ್ತದೆ. ಸೈಕಲ್ ಬೇಗ ಮುಗಿಯಿತು ಅಂತ ಯಾರಿಗೂ ಅನುಮಾನ ಬರೋದಿಲ್ಲ. ಗೇರ್ ಒಳಗೆ ಲೋಹದ ಚೂರು ಹಾಗೇ ಉಳಿದು ಅಸೆಂಬ್ಲಿಗೆ ಹೋಗುತ್ತದೆ.

ಇದಕ್ಕೆ ಪರಿಹಾರ ಸುಲಭ. ಪ್ರತಿ ಸ್ಥಿತಿಗೆ ಬೇರೆ ಬೇರೆ ಟೈಮರ್ ಬೇಡ. ಇಡೀ ಸ್ಟೇಟ್ ಮಷೀನ್‌ಗೆ ಒಂದೇ ಟೈಮರ್, ಕೇಸ್‌ನ ಹೊರಗೆ, ಎಲ್ಲಕ್ಕೂ ಮೇಲೆ:

ಟೈಮರ್‌ನ ಇನ್‌ಪುಟ್ := (ಸ್ಥಿತಿ = ಹಿಂದಿನ_ಸ್ಥಿತಿ)
ಹಿಂದಿನ_ಸ್ಥಿತಿ := ಸ್ಥಿತಿ

ಸ್ಥಿತಿ ಬದಲಾದ ಮುಂದಿನ ಸ್ಕ್ಯಾನ್‌ನಲ್ಲಿ ಇವೆರಡೂ ಬೇರೆ ಇರುತ್ತವೆ. ಒಂದು ಸುತ್ತಿಗೆ ಟೈಮರ್ ಆಫ್ ಆಗಿ ಸೊನ್ನೆಗೆ ಬರುತ್ತದೆ. ಅದರ ಮುಂದಿನ ಸುತ್ತಿನಿಂದ ಎಣಿಕೆ ಶುರು. ಟೈಮರ್‌ನ ಗುರಿ ಸಮಯವನ್ನು ತುಂಬಾ ದೊಡ್ಡದಾಗಿ, ಒಂದು ಗಂಟೆ ಅಂತ ಇಟ್ಟುಬಿಡಿ. ಅದರ ಕಳೆದ ಸಮಯವನ್ನು ಮಾತ್ರ ಓದಿಕೊಳ್ಳಿ. 20ರಲ್ಲಿ 8 ಸೆಕೆಂಡ್ ದೋಷಕ್ಕೆ, 30ರಲ್ಲಿ 180 ಸೆಕೆಂಡ್ ತೊಳೆಯೋದಕ್ಕೆ, 40ರಲ್ಲಿ 20 ಸೆಕೆಂಡ್ ನೀರು ಇಳಿಯೋದಕ್ಕೆ, ಎಲ್ಲಕ್ಕೂ ಅದೇ ಗಡಿಯಾರ. ಬೋನಸ್ ಅಂದರೆ, "ಈ ಸ್ಥಿತಿಗೆ ಬಂದು ಎಷ್ಟು ಹೊತ್ತಾಯ್ತು" ಅನ್ನೋದು ಸ್ಕ್ರೀನ್ ಮೇಲೆ ತೋರಿಸಲು ಸಿಕ್ಕಿಬಿಡುತ್ತದೆ.

ಹೆಜ್ಜೆ 5: ಔಟ್‌ಪುಟ್ ಒಂದೇ ಜಾಗದಲ್ಲಿ

ಪಂಪನ್ನು 25ರ ಒಳಗೆ ಆನ್ ಮಾಡಿ, 40ರ ಒಳಗೆ ಆಫ್ ಮಾಡುವ ಅಭ್ಯಾಸ ಬಿಡಿ. ಮಧ್ಯದಲ್ಲಿ 900ಕ್ಕೆ ಹಾರಿದರೆ ಆಫ್ ಮಾಡುವವರು ಯಾರು? ಕೊನೆಯಲ್ಲಿ ಒಂದೇ ಸಾಲು ಬರೆಯಿರಿ: ಸ್ಥಿತಿ 25 ಅಥವಾ 30 ಇದ್ದು, ಬಾಗಿಲು ಮುಚ್ಚಿದ್ದು, ನೀರು ಸಾಕಷ್ಟಿದ್ದರೆ ಪಂಪ್ ಆನ್. ಬೇರೆ ಎಲ್ಲ ಸಂದರ್ಭದಲ್ಲೂ ತಾನಾಗಿ ಆಫ್. ಬಾಗಿಲು, ನೀರು ಸೇರಿಸಿದ್ದರಿಂದ ಮೂರ್ ಸ್ವಲ್ಪ ಮೀಲಿ ಆಯ್ತು ನಿಜ. ಆದರೆ ಅಷ್ಟು ಕಾವಲು ಬೇಕು.

ಲ್ಯಾಡರ್‌ನಲ್ಲಿ ಒಂದೇ ಕಾಯಿಲ್ (ಔಟ್‌ಪುಟ್ ಗುರುತು) ಎರಡು ಕಡೆ ಬರೆದರೆ ಕೊನೆಯದ್ದೇ ಗೆಲ್ಲುತ್ತದೆ. ಮೇಲಿನ ರಂಗ್ (ಲ್ಯಾಡರ್ ಸಾಲು) ಆನ್ ಅಂತ ಹಸಿರು ತೋರಿಸುತ್ತಿರುತ್ತದೆ, ಪಂಪ್ ಮಾತ್ರ ಓಡೋದಿಲ್ಲ. ಹೊಸಬರ ಅರ್ಧ ದಿನ ಇದರಲ್ಲೇ ಹೋಗುತ್ತದೆ.

ಕೈಯಿಂದ ನಡೆಸುವ ಮ್ಯಾನುಯಲ್ ಮೋಡ್ ಕೂಡ ಇದೇ ಔಟ್‌ಪುಟ್ ಸಾಲಿಗೇ ಬಂದು ಸೇರಲಿ. ಕಾವಲು ಎರಡಕ್ಕೂ ಒಂದೇ ಇರಲಿ.

ಹೆಜ್ಜೆ 6: ದೋಷ, ಎಮರ್ಜೆನ್ಸಿ, ಕರೆಂಟ್

ಯಂತ್ರ ಚೆನ್ನಾಗಿ ನಡೆಯುವ ಕೋಡ್ ಬರೆಯೋದಕ್ಕೆ ಒಂದು ದಿನ ಸಾಕು. ಕೆಟ್ಟಾಗ ಹೇಗೆ ನಡೆದುಕೊಳ್ಳಬೇಕು ಅಂತ ಬರೆಯೋದಕ್ಕೆ ಮೂರು ದಿನ ಬೇಕು. ಆ ಮೂರು ದಿನ ಕೇಳಿ ಪಡೆದುಕೊಳ್ಳಿ.

ಮೊದಲು ಒಂದು ಖಡಕ್ ಮಾತು. ಎಮರ್ಜೆನ್ಸಿ ಸ್ಟಾಪ್ ಸಾಮಾನ್ಯ ಪಿಎಲ್‌ಸಿ ಪ್ರೋಗ್ರಾಮ್‌ನ ಕೆಲಸ ಅಲ್ಲ. ಅದು ಸೇಫ್ಟಿ ರಿಲೇ ಮೂಲಕ, ವೈರ್‌ನಲ್ಲೇ, ಅಪಾಯ ಮಾಡಬಲ್ಲ ಮೋಟರ್ ಮತ್ತು ವಾಲ್ವ್‌ಗಳ ಕರೆಂಟ್ ಕಡಿಯಬೇಕು. ನಿಮ್ಮ ಸ್ಟೇಟ್ ಮಷೀನ್‌ಗೆ ಅದರ ಸುದ್ದಿ ಮಾತ್ರ ಒಂದು ಇನ್‌ಪುಟ್‌ನಲ್ಲಿ ಬರಲಿ, 900ಕ್ಕೆ ಹೋಗಲಿ. ಬಟನ್ ಬಿಡಿಸಿದ ಮಾತ್ರಕ್ಕೆ ಯಂತ್ರ ತಾನಾಗಿ ಶುರು ಆಗಕೂಡದು. ರೀಸೆಟ್ ಬೇರೆ, ಸ್ಟಾರ್ಟ್ ಬೇರೆ.

900ಕ್ಕೆ ಬಂದಾಗ ಯಾವ ಸ್ಥಿತಿಯಿಂದ ಬಂತು, ಯಾವ ದೋಷ ಅಂತ ಬರೆದಿಟ್ಟುಕೊಳ್ಳಿ. ಮೊದಲು ಬಂದ ದೋಷ ಮಾತ್ರ. ಪಂಪ್ ಟ್ರಿಪ್ ಆದರೆ ಹಿಂದೆಯೇ ಒತ್ತಡ ಇಳಿಯುತ್ತದೆ, ಹತ್ತು ಅಲಾರಂ ಸಾಲಾಗಿ ಬರುತ್ತವೆ. ಮೇಂಟೆನೆನ್ಸ್‌ನವರಿಗೆ ಬೇಕಾದದ್ದು ಮೊದಲನೆಯದು. ಎಲ್ಲ ಸ್ಥಿತಿಗೂ ಸೇರಿದ ದೋಷಗಳ ಸಾಲಿಗೆ "ಸ್ಥಿತಿ 900ಕ್ಕಿಂತ ಕಡಿಮೆ ಇದ್ದರೆ ಮಾತ್ರ" ಅನ್ನುವ ಶರತ್ತು ಸೇರಿಸಿದರೆ ಇದು ತಾನಾಗಿ ಆಗುತ್ತದೆ.

ರೀಸೆಟ್ ಒತ್ತಿದರೆ ಎಲ್ಲಿಗೆ? ಬಿಟ್ಟ ಜಾಗಕ್ಕೆ ಅಂತೂ ಬೇಡ. 0ಗೆ ಹೋಗಲಿ. ಅಲ್ಲಿ ಯಂತ್ರ ಕಣ್ಣು ಬಿಟ್ಟು ಸುತ್ತ ನೋಡಿಕೊಳ್ಳಲಿ. ಬಾಗಿಲು ತೆರೆದಿದೆ, ಬುಟ್ಟಿ ಇಲ್ಲ: 10ಕ್ಕೆ. ಬಾಗಿಲು ತೆರೆದಿದೆ, ಬುಟ್ಟಿ ಇದೆ: 70ಕ್ಕೆ. ಬಾಗಿಲು ಮುಚ್ಚಿದೆ ಅಥವಾ ಮಧ್ಯದಲ್ಲಿದೆ: ಆಪರೇಟರ್ "ಬಾಗಿಲು ತೆರೆ" ಒತ್ತಿದ ಮೇಲೆ 60ಕ್ಕೆ. ಅರ್ಧ ತೊಳೆದ ಬುಟ್ಟಿಯನ್ನು ಮತ್ತೆ ಮೊದಲಿನಿಂದ ತೊಳೆಯಬೇಕು. ಅದಕ್ಕೆ ಒಂದು ಗುರುತು ಇಡಿ: 50ನ್ನು ಪೂರ್ತಿ ಮುಗಿಸಿ ಬಂದರೆ ಮಾತ್ರ ಹಸಿರು ದೀಪ.

ಕರೆಂಟ್ ವಿಷಯವೂ ಇದೇ. ಮಳೆಗಾಲದಲ್ಲಿ ಭೋಸರಿ, ಚಾಕಣ ಕಡೆ ಕರೆಂಟ್ ಕಣ್ಣು ಮಿಟುಕಿಸಿದ ಹಾಗೆ ಹೋಗಿ ಬರುತ್ತದೆ. ಸ್ಥಿತಿಯ ನಂಬರನ್ನು, ಕರೆಂಟ್ ಹೋದರೂ ಮರೆಯದ ರಿಟೆಂಟಿವ್ ಮೆಮೊರಿಯಲ್ಲಿ ಇಟ್ಟರೆ ಕರೆಂಟ್ ಬಂದ ಕೂಡಲೇ 30ರಿಂದಲೇ ಪಂಪ್ ಶುರು ಆಗಬಹುದು. ಅಷ್ಟರಲ್ಲಿ ಯಾರಾದರೂ ಬಗ್ಗಿ ಒಳಗೆ ನೋಡುತ್ತಿದ್ದರೆ? ಸ್ಥಿತಿ ಯಾವಾಗಲೂ 0ಯಿಂದ ಶುರು ಆಗಲಿ. ಎಣಿಕೆ, ದೋಷದ ಇತಿಹಾಸ ಮಾತ್ರ ಉಳಿಯಲಿ. ಎಂಟು ಹತ್ತು ಗಂಟೆ ನಡೆಯುವ ಫರ್ನೇಸ್, ಬ್ಯಾಚ್ ರಿಯಾಕ್ಟರ್ ಕತೆ ಬೇರೆ. ಅಲ್ಲಿ ಮುಂದುವರಿಸುವ ದಾರಿ ಬೇಕಾಗುತ್ತದೆ, ಆದರೆ ಮನುಷ್ಯರ ಒಪ್ಪಿಗೆ ಪಡೆದ ಮೇಲೆ.

ಹೆಜ್ಜೆ 7: ಎಲ್ಲವನ್ನೂ ಒಂದರಲ್ಲೇ ತುರುಕಬೇಡಿ

ತೊಳೆಯುವ ನೀರು 60 ಡಿಗ್ರಿ ಇರಬೇಕು. ಹೀಟರ್ ಕೆಲಸವನ್ನೂ ಮೇಲಿನ ಪಟ್ಟಿಯಲ್ಲಿ ಸೇರಿಸಲು ಹೋದರೆ "ತೊಳೆಯುತ್ತಿದೆ, ಬಿಸಿಯಾಗುತ್ತಿದೆ", "ತೊಳೆಯುತ್ತಿದೆ, ಬಿಸಿ ಸಾಕು" ಅಂತ ಸ್ಥಿತಿಗಳು ಬೆಳೆಯುತ್ತಾ ಹೋಗುತ್ತವೆ. ತೊಳೆಯೋದಕ್ಕೆ 10 ಸ್ಥಿತಿ, ಹೀಟರ್‌ಗೆ 4, ನೀರಿನ ಮೇಲಿನ ಎಣ್ಣೆ ತೆಗೆಯುವ ಸ್ಕಿಮ್ಮರ್‌ಗೆ 3. ಒಟ್ಟಿಗೆ ಹೆಣೆದರೆ 120. ಬೇರೆ ಬೇರೆ ಇಟ್ಟರೆ 17. ಈ ಸ್ಫೋಟ ನೋಡಿಯೇ ಡೇವಿಡ್ ಹರೇಲ್ 1987ರಲ್ಲಿ ಸ್ಟೇಟ್‌ಚಾರ್ಟ್ ಅನ್ನುವ ರೀತಿಯನ್ನು ಮುಂದಿಟ್ಟರು. ಅದರಲ್ಲಿ ಸ್ಥಿತಿಯ ಒಳಗೆ ಸ್ಥಿತಿ, ಪಕ್ಕಪಕ್ಕದಲ್ಲಿ ಓಡುವ ಸ್ಥಿತಿ ಎಲ್ಲ ಇದೆ.

ನಮಗೆ ಅಷ್ಟು ಬೇಡ. ಹೀಟರ್‌ಗೆ ತನ್ನದೇ ಸಣ್ಣ ಸ್ಟೇಟ್ ಮಷೀನ್ ಇರಲಿ: ಆಫ್, ಬಿಸಿಯಾಗುತ್ತಿದೆ, ಬಿಸಿ ಇದೆ, ದೋಷ. 57ಕ್ಕೆ ಇಳಿದರೆ ಆನ್, 60ಕ್ಕೆ ಆಫ್. ನೀರು ಕಡಿಮೆ ಆದರೆ ಯಾರನ್ನೂ ಕೇಳದೆ ಆಫ್, ಇಲ್ಲಾಂದ್ರೆ ಹೀಟರ್ ಸುಟ್ಟುಹೋಗುತ್ತದೆ. ತೊಳೆಯುವ ಮಷೀನ್ 10ರಲ್ಲಿ ನಿಂತು ಅದಕ್ಕೆ ಒಂದೇ ಪ್ರಶ್ನೆ ಕೇಳುತ್ತದೆ: ಬಿಸಿ ಇದೆಯಾ?

ಭಾನುವಾರದ ಹುಡುಗರಿಗೆ ಇದನ್ನು ಮನಸ್ಸಿಗೆ ನಾಟಿಸೋದಕ್ಕೆ ನಾನು ಖೋಡದ್ ಉದಾಹರಣೆ ಕೊಡುತ್ತೇನೆ. ಪುಣೆಯಿಂದ ನಾಸಿಕ್ ರಸ್ತೆಯಲ್ಲಿ ನಾರಾಯಣಗಾಂವ್ ಹತ್ತಿರದ ಈ ಹಳ್ಳಿಯಲ್ಲಿ ಜಿಎಂಆರ್‌ಟಿ ರೇಡಿಯೊ ದೂರದರ್ಶಕ ಇದೆ. ಒಂದೊಂದೂ 45 ಮೀಟರ್ ಅಗಲದ 30 ಡಿಶ್‌ಗಳು, ಸುಮಾರು 25 ಕಿಲೋಮೀಟರ್ ವ್ಯಾಪ್ತಿಯಲ್ಲಿ ಹರಡಿವೆ. ರಾಷ್ಟ್ರೀಯ ವಿಜ್ಞಾನ ದಿನದ ಹೊತ್ತಿಗೆ ಜನರಿಗೆ ನೋಡಲು ಬಿಡುತ್ತಾರೆ, ತಪ್ಪದೆ ಹೋಗಿಬನ್ನಿ. ಅಂಥ ಒಂದು ಡಿಶ್ ಮುಂದೆ ನಿಂತು ಯೋಚಿಸಿ. ಬ್ರೇಕ್ ಹಾಕಿ ನಿಂತಿದೆ, ಬ್ರೇಕ್ ಬಿಡುತ್ತಿದೆ, ತಿರುಗುತ್ತಿದೆ, ನಕ್ಷತ್ರದ ಜೊತೆ ಸಾಗುತ್ತಿದೆ, ಗಾಳಿ ಜೋರಾಗಿ ಮುಖ ಮೇಲೆ ಮಾಡಿ ನಿಲ್ಲಲು ಹೋಗುತ್ತಿದೆ. ಇವೇ ಸ್ಥಿತಿಗಳು. ಈಗ ಮೂವತ್ತು ಡಿಶ್‌ನ ಸ್ಥಿತಿಗಳನ್ನು ಒಂದೇ ಪಟ್ಟಿಯಲ್ಲಿ ಬರೆಯಿರಿ ಅಂದರೆ ಸಾಧ್ಯವಾ? ಪ್ರತಿ ಡಿಶ್‌ಗೆ ತನ್ನದು, ಮೇಲೊಬ್ಬ ಮೇಸ್ತ್ರಿ. ಪ್ರಯೋಗಾಲಯದ ಕಡೆ ಕೆಲಸ ಸಿಕ್ಕವರಿಗೆ ಇನ್ನೊಂದು ಮಾತು: ವೇಗವರ್ಧಕಗಳಲ್ಲಿ, ದೂರದರ್ಶಕಗಳಲ್ಲಿ ಬಳಸುವ ಎಪಿಕ್ಸ್ ತಂತ್ರಾಂಶದಲ್ಲಿ ಸ್ಟೇಟ್ ನೋಟೇಶನ್ ಲ್ಯಾಂಗ್ವೇಜ್ ಅಂತ ಸ್ಥಿತಿಗಳನ್ನು ಬರೆಯೋದಕ್ಕೆಂದೇ ಒಂದು ಭಾಷೆ ಇದೆ. ಇಲ್ಲಿ ಕಲಿತದ್ದು ಅಲ್ಲೂ ಹಾಗೇ ನಡೆಯುತ್ತದೆ.

ಹೆಜ್ಜೆ 8: ಸ್ಕ್ರೀನ್ ಮಾತಾಡಲಿ

ಸ್ಕ್ರೀನ್‌ನ ಮೇಲ್ಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ಒಂದೇ ಸಾಲು. ಹಾಳೆಯ "ಯಾವುದಕ್ಕೆ ಕಾಯುತ್ತಿದೆ" ಕಾಲಮ್ಮಿನಿಂದ ನೇರವಾಗಿ ಎತ್ತಿದ್ದು. "ಬಾಗಿಲು ಮುಚ್ಚಿದ ಸೆನ್ಸರ್‌ಗೆ ಕಾಯುತ್ತಿದೆ, 5 ಸೆಕೆಂಡ್ ಆಯ್ತು." ಪಕ್ಕದಲ್ಲಿ ಸೆನ್ಸರ್‌ನ ನಂಬರ್, ಪ್ಯಾನೆಲ್‌ನಲ್ಲಿ ಅಂಟಿಸಿರುವ ಅದೇ ನಂಬರ್. "ದೋಷ 201" ಅಂತ ಮಾತ್ರ ತೋರಿಸಿದರೆ ರಾತ್ರಿ ಪಾಳಿಯವರಿಗೆ ಅದರಿಂದ ಏನೂ ಉಪಯೋಗ ಇಲ್ಲ. ಇಲ್ಲಿ ಮರಾಠಿ, ಹಿಂದಿ ಓದುವವರೇ ಹೆಚ್ಚು, ಹಾಗಾಗಿ ಆ ಭಾಷೆಗಳಲ್ಲಿ ಇರಲೇಬೇಕು. ಸ್ಕ್ರೀನ್ ಯೂನಿಕೋಡ್ ಅಕ್ಷರ ತೋರಿಸುವಂಥದ್ದಾದರೆ ಕನ್ನಡವನ್ನೂ ಸೇರಿಸಿ. ನಮ್ಮ ಕಡೆಯ ಹುಡುಗರು ಅದನ್ನು ಓದಿ ಮುಗುಳ್ನಗೋದನ್ನು ನೋಡಿದ್ದೇನೆ.

ಇನ್ನೊಂದು ಕೆಲಸ ಮಾಡಿ. ಕೊನೆಯ ಐವತ್ತು ದಾಟುವಿಕೆಗಳನ್ನು ಒಂದು ಅರೇಯಲ್ಲಿ, ಅಂದರೆ ಮೆಮೊರಿಯ ಪಟ್ಟಿಯಲ್ಲಿ, ಉಳಿಸಿ: ಎಲ್ಲಿಂದ, ಎಲ್ಲಿಗೆ, ಎಷ್ಟು ಗಂಟೆಗೆ, ಹಿಂದಿನ ಸ್ಥಿತಿಯಲ್ಲಿ ಎಷ್ಟು ಹೊತ್ತು ಇತ್ತು. ಐವತ್ತು ತುಂಬಿದರೆ ಮತ್ತೆ ಮೊದಲಿನಿಂದ ಬರೆಯಲಿ. ಇದನ್ನು ನಾನು ಸೇರಿಸಿದ್ದು ದೋಷ ಹುಡುಕೋದಕ್ಕೆ. ಆದರೆ ಸಿಕ್ಕಿದ್ದು ಅದಕ್ಕಿಂತ ದೊಡ್ಡದು. ಒಂದು ಮಷೀನ್‌ನಲ್ಲಿ 20ನೇ ಸ್ಥಿತಿಯ ಸಮಯ ನಾಲ್ಕು ಸೆಕೆಂಡ್‌ನಿಂದ ಐದಕ್ಕೆ, ಆಮೇಲೆ ಆರಕ್ಕೆ ಏರಿತ್ತು. ದೋಷ ಇನ್ನೂ ಬಂದಿರಲಿಲ್ಲ. ಸಿಲಿಂಡರ್ ಬಿಚ್ಚಿ ನೋಡಿದರೆ ಸೀಲ್ ಸವೆದು ಗಾಳಿ ಸೋರುತ್ತಿತ್ತು. ಇಲ್ಲಿ ಕಾರ್ಖಾನೆಗಳಿಗೆ ಗುರುವಾರ ರಜೆ ಇರೋದು ಹೆಚ್ಚು. ಆ ಗುರುವಾರ ಸೀಲ್ ಬದಲಾಯಿಸಿದರು, ಒಂದು ಪಾಳಿಯೂ ನಿಲ್ಲಲಿಲ್ಲ.

ಹೆಜ್ಜೆ 9: ಮೇಜಿನ ಮೇಲೆ ಕೆಡಿಸಿ, ಆಮೇಲೆ ಮಷೀನ್ ಮೇಲೆ ಕೆಡಿಸಿ

ಕೈಯಲ್ಲಿ ಪಿಎಲ್‌ಸಿ ಇಲ್ಲದವರು ಕೋಡೆಸಿಸ್ ಇಳಿಸಿಕೊಳ್ಳಿ. ಬರೆಯುವ ತಂತ್ರಾಂಶ ಉಚಿತ, ಒಳಗೇ ಸಿಮ್ಯುಲೇಶನ್ ಇದೆ. ಓಪನ್‌ಪಿಎಲ್‌ಸಿ ಕೂಡ ಉಚಿತ. ಇನ್‌ಪುಟ್‌ಗಳನ್ನು ಮೌಸ್‌ನಲ್ಲಿ ಒತ್ತಿ ಆನ್ ಆಫ್ ಮಾಡುತ್ತಾ ಹಾಳೆಯ ಒಂದೊಂದು ಸಾಲನ್ನೂ ನಡೆಸಿ ನೋಡಿ. ಪ್ರತಿ ಸಾಲಿಗೆ ಮೂರು ಪರೀಕ್ಷೆ: ಶರತ್ತು ಬಂದರೆ ಸರಿಯಾದ ಕಡೆ ಹೋಗುತ್ತದಾ, ಬರದಿದ್ದರೆ ಹೇಳಿದ ಸಮಯಕ್ಕೆ ದೋಷ ಕೊಡುತ್ತದಾ, ಮಧ್ಯದಲ್ಲಿ ಎಮರ್ಜೆನ್ಸಿ ಒತ್ತಿದರೆ ಎಲ್ಲ ಔಟ್‌ಪುಟ್ ಆಫ್ ಆಗುತ್ತದಾ. ಎರಡು ಬುಟ್ಟಿ ಒಂದರ ಹಿಂದೆ ಒಂದು ಓಡಿಸೋದು ಮರೆಯಬೇಡಿ. ಟೈಮರ್ ಹಳ್ಳ ಎರಡನೆಯದರಲ್ಲೇ ಕಾಣುವುದು.

ಮಷೀನ್ ಬಳಿ ಹೋದಾಗ ನಿಜವಾದ ವೈರ್ ಬಿಚ್ಚಿ ನೋಡಿ. ಕರೆಂಟ್ ತೆಗೆದು, ಮೇಂಟೆನೆನ್ಸ್‌ನವರನ್ನು ಜೊತೆಗಿಟ್ಟುಕೊಂಡು ಮಾಡಿ. ನೀರಿನ ಮಟ್ಟದ ಸೆನ್ಸರ್‌ನ ವೈರ್ ಹೋದರೆ ಏನಾಗುತ್ತದೆ? "ನೀರು ಕಡಿಮೆ" ಅಂತ ಬರಬೇಕು. "ನೀರು ಸಾಕಷ್ಟಿದೆ" ಅಂತಲೇ ಉಳಿದರೆ ವೈರಿಂಗ್ ತಿರುಗುಮುರುಗು ಆಗಿದೆ. ನೀರು ಇದ್ದಾಗ 24 ವೋಲ್ಟ್ ಬರಬೇಕು, ಇಲ್ಲದಾಗ ಸೊನ್ನೆ. ಆಗ ತುಂಡಾದ ವೈರ್ ಕೂಡ ಯಂತ್ರವನ್ನು ನಿಲ್ಲಿಸುವ ಕಡೆಗೇ ಒಯ್ಯುತ್ತದೆ. ಉಷ್ಣತೆಯ ಸಿಗ್ನಲ್ 4ರಿಂದ 20 ಮಿಲಿಆಂಪಿಯರ್ ಇರೋದೂ ಇದಕ್ಕೇ. ಸೊನ್ನೆ ಬಂದರೆ ತಣ್ಣಗಿದೆ ಅಂತ ಅಲ್ಲ, ವೈರ್ ಹೋಗಿದೆ ಅಂತ ಅರ್ಥ. ತಣ್ಣಗಿದೆ ಅಂತ ತಿಳಿದರೆ ಹೀಟರ್ ಉರಿಯುತ್ತಲೇ ಇರುತ್ತದೆ.

ಎಲ್ಲ ಮುಗಿದ ಮೇಲೆ ಆ ಹಾಳೆಯನ್ನು ನೀಟಾಗಿ ಟೈಪ್ ಮಾಡಿಸಿ, ಲ್ಯಾಮಿನೇಟ್ ಮಾಡಿ, ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಿ. ಮುಂದೆ ಯಾವಾಗಲಾದರೂ ಒಂದು ಸ್ಥಿತಿ ಬದಲಾಯಿಸಿದರೆ ಅದೇ ದಿನ ಅದರ ಮೇಲೆ ಮಾರ್ಕರ್‌ನಲ್ಲಿ ತಿದ್ದಿ, ದಿನಾಂಕ ಹಾಕಿ, ನಿಮ್ಮ ಸಹಿ ಮಾಡಿ. ಭೋಸರಿಯ ಆ ಮಷೀನ್‌ನ ಹಾಳೆ ಈಗ ಮೂರನೆಯದು. ಮೊದಲ ತಿದ್ದುಪಡಿ 25, ಪಕ್ಕದಲ್ಲಿ ನನ್ನ ಸಹಿಯ ಕೆಳಗೆ ಇಂಡಿ ಹುಡುಗನ ಸಹಿಯೂ ಇದೆ.